ಮೂಗು ಮುಚ್ಚಿದ ಪೈಪು

ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಹಳೆಯ ಮನೆಯ ಹಿಂದೆ, ಒಗೆಯುವ ಕಲ್ಲಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ ವಾಷಿಂಗ್ ಮಶೀನಿಗೊಂದು ಕೋಣೆ ಮಾಡುವ ಯೋಚನೆ ಯಾರದೂ ಅಲ್ಲ, ನನ್ನದೇ. ಒಂದು ಮಶೀನು, ಒಂದು ನಳ, ನೀರು ಹೋಗಲಿಕ್ಕೆ ಒಂದು ಪೈಪು. ಇದರಲ್ಲಿ ತಪ್ಪಲಿಕ್ಕೆ ಏನಿದೆ ಎಂದುಕೊಂಡೆ. ಹಾಗೆ ಅಂದುಕೊಂಡಾಗಲೇ ಯಾರಾದರೂ ನನ್ನನ್ನು ಹಿಡಿದು ಕೂರಿಸಬೇಕಿತ್ತು.

ನಾನು ಮೂಲತಃ ಚಿಂತೆಯ ಮನುಷ್ಯ. ಬಸ್ಸು ಊರು ದಾಟಿದ ಮೇಲೆ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನೆನೆದು, ಹಾಕಿದ್ದು ಖಾತ್ರಿಯಾದರೆ ಗ್ಯಾಸಿನ ಬಗ್ಗೆ ಶುರು ಮಾಡುವವನು. ಆದ್ದರಿಂದ ಕೆಲಸಕ್ಕೆ ಮೊದಲು ಮೊಬೈಲಿನಲ್ಲಿ ಪೈಪಿನ ವಿಡಿಯೋಗಳನ್ನು ನೋಡಿ ನೋಡಿ ಪಂಡಿತನಾದೆ. ಸಿರುಗುಪ್ಪದಿಂದ ಬಂದ ಪ್ಲಂಬರ್ ಖಾಜಾನನ್ನು ನಿಲ್ಲಿಸಿಕೊಂಡು ಉಪನ್ಯಾಸ ಕೊಟ್ಟೆ. ನೀರು ಸಲೀಸಾಗಿ ಇಳಿಯಬೇಕಾದರೆ ಹಿಂದಿನಿಂದ ಗಾಳಿ ಬರಬೇಕು. ಅದಕ್ಕೆ ಇನ್ನೊಂದು ಪೈಪು ಮಾಳಿಗೆಯವರೆಗೆ ಹೋಗಿ ಬಾಯಿ ತೆರೆದು ನಿಲ್ಲಬೇಕು. ಇಲ್ಲದಿದ್ದರೆ ಮಶೀನಿನ ನೀರು ನುಗ್ಗುವ ರಭಸಕ್ಕೆ ಅದೇ ಪೈಪಿಗೆ ಸೇರುವ ಪಡಸಾಲೆಯ ಬೇಸಿನ್ನಿನ ಕೆಳಗೆ ಡೊಂಕು ಪೈಪಿನಲ್ಲಿ ನಿಂತ ನೀರೂ ಎಳೆದುಕೊಂಡು ಹೋಗುತ್ತದೆ. ಗಟಾರದ ವಾಸನೆಯನ್ನು ತಡೆಯುವುದೇ ಆ ನೀರು.

"ಅಷ್ಟೆಲ್ಲಾ ಯಾಕ್ರಿ ಸಾರ್? ಒಂದು ಪೈಪ್ ಗಟಾರಕ್ಕ ಬಿಟ್ರ ಆತು" ಅಂದ ಖಾಜಾ.

"ಇಲ್ಲಪಾ, ಪೈಪು ಉಸಿರಾಡಬೇಕು."

ಅವನು ನನ್ನನ್ನೊಮ್ಮೆ ನೋಡಿ, ನನ್ನ ಹೆಂಡತಿ ಶಿವಲೀಲಾಳನ್ನೊಮ್ಮೆ ನೋಡಿ, ಪಾಪ ಅನ್ನುವಂತೆ ತಲೆಯಾಡಿಸಿ, ಮಾಳಿಗೆಗೆ ಪೈಪು ಏರಿಸಿ ಹೋದ. ಬಕೆಟ್ ನೀರು ಸುರಿದು ಪರೀಕ್ಷೆ ಮಾಡಿದೆವು. ನೀರು ಸರ್ರನೆ ಇಳಿಯಿತು. ನನ್ನ ಬದುಕಿನಲ್ಲಿ ಸರಿಯಾಗಿ ಮುಗಿದ ಕೆಲಸ ಅದೊಂದೇ. ಅಲ್ಲಿಗೇ ಬಿಡಬೇಕಿತ್ತು.

ಬಿಡಲಿಲ್ಲ. ಪಕ್ಕದ ಮನೆಯ ಸರೋಜಮ್ಮ ತಮ್ಮ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತ ಕೂಗಿದರು: "ಅಣ್ಣಾ, ನಿಮ್ಮ ಗಟಾರದ ಪೈಪು ನಮ್ಮ ಸಂಡಿಗಿ ಕಡಿಗೇ ಮಾರಿ ಮಾಡೈತಲ್ಲ. ನಾಳೆ ನಿಮಗೂ ಒಂದು ಡಬ್ಬಿ ಕೊಡಾದೈತಿ, ನೋಡ್ರಿ ಮತ್ತ."

ಅವರು ನಗುತ್ತಲೇ ಹೇಳಿದ್ದು. ನಾನು ಮಾತ್ರ ಆ ಸಂಡಿಗೆಯನ್ನು ಇಡೀ ಓಣಿ ತಿಂದು ಮಲಗಿದಂತೆ ಕಲ್ಪಿಸಿಕೊಂಡೆ. ಜೊತೆಗೆ ಪೈಪಿನ ಬಾಯಿಗೆ ಬರುವ ಸೊಳ್ಳೆ, ಹಲ್ಲಿ, ಕೋತಿ. ಸಂಜೆ ಯಾರಿಗೂ ಹೇಳದೆ ಮೇಲೆ ಹೋಗಿ, ಪೈಪಿನ ಬಾಯಿಗೆ ಮುಚ್ಚಳ ಹಾಕಿ, ಅಂಟು ಬಳಿದು ಇಳಿದು ಬಂದೆ. ಸಂಡಿಗೆ ಬಚಾವಾಯಿತು ಎಂಬ ಸಮಾಧಾನದಲ್ಲಿ, ನಾನೇ ಕೊಟ್ಟ ಉಪನ್ಯಾಸ ನನಗೇ ನೆನಪಾಗಲಿಲ್ಲ.

ನನ್ನ ಹೆಂಡತಿಯ ತವರು ಕುರುಗೋಡು. ಮನೆಯಲ್ಲಿ ಹೊಸದಾಗಿ ಏನು ಕಟ್ಟಿದರೂ ಮಠದ ಅಯ್ಯನವರನ್ನು ಕರೆಸಿ ಪಾದಪೂಜೆ ಮಾಡಿ ಊಟಕ್ಕೆ ಬಡಿಸುವುದು ಅವರ ಪದ್ಧತಿ. ಬಚ್ಚಲಾದರೂ ಅಷ್ಟೇ. ನಮ್ಮತ್ತೆಯವರು ಸೋಮವಾರ ಅಯ್ಯನವರನ್ನು ಕರೆದುಕೊಂಡು ಬರುತ್ತೇನೆಂದು ಫೋನ್ ಮಾಡಿದರು. ಶಿವಲೀಲಾ ಅಂದಿನಿಂದ ಮನೆ ತಿಕ್ಕಲು ನಿಂತಳು. ಮಗಳಿಗೆ ಮನೆ ಇಡಲು ಬರುವುದಿಲ್ಲ ಎನ್ನುವುದು ಅತ್ತೆಯವರ ಹಳೆಯ ತೀರ್ಪು. ಬಂದಾಗಲೆಲ್ಲ ಕಪಾಟಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ರೀ, ಈ ಸಲ ಅವ್ವನ ಬಾಯಾಗ 'ಮನಿ ಚೆಂದ ಇಟ್ಟೀಯವ್ವಾ' ಅನ್ನೂ ಮಾತು ಬರಬೇಕು" ಅಂದಳು ಶಿವಲೀಲಾ. "ನೀವು ಏನೂ ಮಾಡಬ್ಯಾಡ್ರಿ. ಸುಮ್ನ ಕುಂದ್ರಿ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು.

ಸೋಮವಾರ ಎಲ್ಲ ಸರಿಯಾಗೇ ನಡೆದಿತ್ತು. ಅತ್ತೆಯವರ ಬೆರಳಿಗೆ ಧೂಳು ಸಿಕ್ಕಿರಲಿಲ್ಲ. ಅಯ್ಯನವರ ಪಾದಪೂಜೆ ಮುಗಿದು ಪಡಸಾಲೆಯಲ್ಲಿ ಎಲೆ ಹಾಕಿತ್ತು. ಆಗ ಹಿತ್ತಲಿನ ನಳ ಬುಸ್ಸೆಂದಿತು.

ಬಳ್ಳಾರಿಯವರಿಗೆ ಈ ಸದ್ದು ಬಿಡಿಸಿ ಹೇಳಬೇಕಿಲ್ಲ. ನೀರಿಗೆ ಮುಂಚೆ ಗಾಳಿ ಬರುತ್ತದೆ. ಯಾವ ದಿನ ಬಿಡುತ್ತಾರೋ ಗೊತ್ತಿಲ್ಲ, ಬಿಟ್ಟಾಗ ಹಿಡಿಯದಿದ್ದರೆ ಮತ್ತೆ ಯಾವಾಗಲೋ. ಬಡಿಸುತ್ತಿದ್ದ ಶಿವಲೀಲಾಳ ಕೈ ಒಂದು ಗಳಿಗೆ ನಿಂತಿತು. ಅತ್ತೆಯವರ ಕಿವಿಯೂ ಹಿತ್ತಲಿಗೆ ತಿರುಗಿತು. ಹೆಂಡತಿಗೆ ನೆರವಾಗೋಣವೆಂದು ನಾನು ಮೆಲ್ಲನೆ ಎದ್ದುಹೋಗಿ, ವಾರದ ಬಟ್ಟೆಯನ್ನೆಲ್ಲ ಮಶೀನಿಗೆ ತುಂಬಿ, ಪುಡಿ ಕಡಿಮೆಯಾದೀತೆಂದು ಇನ್ನಷ್ಟು ಸುರಿದು, ಗುಂಡಿ ಒತ್ತಿ ಬಂದು ಕೂತೆ.

ಅಯ್ಯನವರು ಹೋಳಿಗೆಗೆ ಬರುವ ಹೊತ್ತಿಗೆ ಮಶೀನು ಮೊದಲ ನೀರು ಬಿಟ್ಟಿತು. ಪಡಸಾಲೆಯ ಮೂಲೆಯ ಬೇಸಿನ್ನು ಗೊಳಗೊಳ ಎಂದು, ಕೊನೆಗೆ ಕಪ್ಪೆಯಂತೆ ಒಮ್ಮೆ ಡುರ್ ಎಂದಿತು. ಎಲ್ಲರೂ ನನ್ನನ್ನು ನೋಡಿದರು. ನಾನಲ್ಲ ಎಂದು ಹೇಳುವುದು ಹೇಗೆ? ಅಷ್ಟರಲ್ಲಿ ವಾಸನೆಯೂ ಬಂದು, ನನ್ನ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಅಯ್ಯನವರು ಮೆಲ್ಲಗೆ ಕೇಳಿದರು: "ಮನ್ಯಾಗ ಇಲಿಗಿಲಿ ಸತ್ತೈತೇನವಾ?"

ಅತ್ತೆಯವರು ಮಗಳ ಕಡೆ ನೋಡಿದರು. ಶಿವಲೀಲಾಳ ಮುಖ ಇಳಿದುಹೋಯಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಪೂಜೆಗೆ ಇಟ್ಟಿದ್ದ ಧೂಪದ ಕೆಂಡದ ಮೇಲೆ ಸಾಂಬ್ರಾಣಿಯನ್ನು ಮುಷ್ಟಿಗಟ್ಟಲೆ ಹಾಕಿದೆ. ಹೊಗೆಯಲ್ಲಿ ಅಯ್ಯನವರೇ ಕಾಣದಾದರು. ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಈಗ ಗಟಾರದ ವಾಸನೆಗೆ ಸಾಂಬ್ರಾಣಿಯೂ ಸೇರಿ, ಗಟಾರದಲ್ಲೇ ಭಜನೆಗೆ ಕೂತಂತಾಯಿತು.

ಹೊಗೆ ಇಳಿಯುವಷ್ಟರಲ್ಲಿ ಮಶೀನು ಎರಡನೇ ಸಲ ನೀರು ಬಿಟ್ಟಿತು. ಈ ಸಲ ಬೇಸಿನ್ನಿನಿಂದ ಬಿಳಿ ನೊರೆ ಮೇಲೆದ್ದು, ಅಂಚು ದಾಟಿ, ನೆಲಕ್ಕಿಳಿದು, ಅಯ್ಯನವರ ಎಲೆಯತ್ತ ನಿಧಾನವಾಗಿ ಹೊರಟಿತು. ಅವರು ಎಲೆ ಎತ್ತಿಕೊಂಡು ಎದ್ದು ನಿಂತರು. "ಹೋಳಿಗಿ ಛಲೋ ಆಗ್ಯಾವ ತಂಗಿ, ಹೊರಗ ಕಟ್ಟಿ ಮ್ಯಾಲ ಕುಂತು ಉಣ್ತೀನಿ" ಎಂದು ನಡೆದರು.

ಶಿವಲೀಲಾ ಮಶೀನು ನಿಲ್ಲಿಸಿ, ಮಾಳಿಗೆಗೆ ಹೋಗಿ ನೋಡಿ ಇಳಿದು ಬಂದಳು.

"ಪೈಪು ಉಸಿರಾಡಬೇಕು ಅಂತ ಖಾಜಾನ ತಲಿ ತಿಂದವರು ನೀವಲ್ರೀ?"

"ಹೂಂ."

"ಮತ್ತ ಅದರ ಮೂಗು ಯಾಕ ಮುಚ್ಚಿದ್ರಿ?"

"ಸರೋಜಮ್ಮಾರ ಸಂಡಿಗಿ ಸಲುವಾಗಿ."

ಅತ್ತೆಯವರು ನನ್ನನ್ನು ಬಹಳ ಹೊತ್ತು ನೋಡಿದರು. ಕಪಾಟಿನ ಮೇಲೆ ಆಡಿಸಿದ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. ಆಮೇಲೆ ಮಗಳ ತಲೆ ಸವರಿದರು.

"ಇಷ್ಟು ದಿನ ಸುಮ್ನ ನಿನ್ನ ಅಂತಿದ್ನವ್ವಾ. ಇಂಥವರನ್ನ ಒಳಗ ಇಟ್ಟುಕೊಂಡೂ ಮನಿ ಚೆಂದ ಇಟ್ಟೀಯಲ್ಲ, ನೀ ದೊಡ್ಡಾಕಿ. ತಪ್ಪು ನನ್ನದು. ಸಂಬಂಧ ನೋಡಿ ಒಪ್ಪಿದಾಕಿ ನಾನಽ."

ಅವ್ವನ ಬಾಯಿಂದ ಆ ಮಾತು ಕೇಳಿ ಶಿವಲೀಲಾಳ ಕಣ್ಣು ತುಂಬಿತು. ಸಾಂಬ್ರಾಣಿಯಿಂದ ಇರಲಿಕ್ಕಿಲ್ಲ. ನೆಲ ಒರೆಸುವ ಬಟ್ಟೆ ನನ್ನ ಕೈಗಿಟ್ಟು, ತಾಯಿಯ ಜೊತೆ ನಗುತ್ತ ಕಟ್ಟೆಯ ಕಡೆ ಹೋದಳು. ಬೇರೆ ಗಂಡಂದಿರು ಹೊಲ ಮಾಡಿ, ಮನೆ ಕಟ್ಟಿ ಹೆಂಡತಿಗೆ ತವರಿನಲ್ಲಿ ಹೆಸರು ತರುತ್ತಾರೆ. ನಾನು ಒಂದು ಮುಚ್ಚಳದಲ್ಲಿ ತಂದುಕೊಟ್ಟೆ.