ಇಪ್ಪತ್ತು ನಿಮಿಷದ ನಾದಿನಿ

"ಇವತ್ತು ಹೋಗ್ತೀನಿ, ಅವಳ ಮುಖಕ್ಕೆ ಉಗಿದು, ಊಟದ ಹೊತ್ತಿಗೆ ವಾಪಸ್ ಬರ್ತೀನಿ!" ಎಂದು ಬೀದಿಗೆಲ್ಲ ಕೇಳುವಂತೆ ಸಾರಿ ಹೊಲಿಗೆಯಮ್ಮ ಬಾಗಿಲಿಗೆ ಬೀಗ ಜಡಿದಳು.

ಉಗಿಸಿಕೊಳ್ಳಬೇಕಾದವಳು ಆಚೆ ದ್ವೀಪದ ನಾದಿನಿ. ಈ ದ್ವೀಪದ ವಿಮಾನ ನಿಲ್ದಾಣದಿಂದ ಆ ದ್ವೀಪದ್ದಕ್ಕೆ ಎಂಬತ್ತು ಕಿಲೋಮೀಟರ್, ಇಪ್ಪತ್ತೇ ನಿಮಿಷ. ಒಂದು ಪ್ಯಾಂಟಿಗೆ ಜಿಪ್ ಕೂರಿಸುವಷ್ಟು ಹೊತ್ತು! ಅಷ್ಟೇ ದೂರದಿಂದ ಒಡಹುಟ್ಟಿದ ಅಣ್ಣನ ಮುಖ ಕೊನೇ ಸಲ ನೋಡಲು ಆ ಮಹಾತಾಯಿ ಬರಲಿಲ್ಲ. "ವಿಮಾನ ಹತ್ತಿದ್ದೆ ಅತ್ತಿಗೆ, ಗಾಳಿಗೆ ಇಳಿಸೋಕಾಗದೆ ವಾಪಸ್ ತಂದುಬಿಟ್ರು" ಎಂದು ಫೋನಿನಲ್ಲಿ ಅತ್ತಳು. ಗಾಳಿಯಂತೆ! ಅವತ್ತು ಫೋನ್ ಕುಕ್ಕಿದ ಹೊಲಿಗೆಯಮ್ಮ ಆಮೇಲೆ ಅವಳ ಜೊತೆ ಮಾತಾಡಿರಲಿಲ್ಲ. ಗಂಡ ಹೋದ ಮನೆಯಲ್ಲಿ ಉಳಿದದ್ದು ಒಂದು ಮಿಷನ್ನು, ಒಂದು ಸಿಟ್ಟು. ಎರಡಕ್ಕೂ ದಿನಾ ಎಣ್ಣೆ ಬಿಡುತ್ತಿದ್ದಳು.

ವಿಮಾನದಲ್ಲಿ ಪಕ್ಕಕ್ಕೆ ಸಿಕ್ಕಿಬಿದ್ದವರು ಒಬ್ಬ ಹಲ್ಲಿನ ಡಾಕ್ಟರು. ನಾದಿನಿಗೆ ಬೈಯಬೇಕಾದ್ದನ್ನೆಲ್ಲ ಅವರ ಮೇಲೆ ಅಭ್ಯಾಸ ಮಾಡಿದಳು.

"ನೀನೊಂದು ಹೆಣ್ಣಾ? ನಿನ್ನ ಎದೇಲಿರೋದು ಕಲ್ಲಾ?"

"ಅಮ್ಮಾ, ಇಷ್ಟು ವರ್ಷ ಬಾಯಿ ತೆಗೀರಿ ಅಂತಲೇ ಹೇಳ್ಕೊಂಡು ಬಂದೋನು ನಾನು. ಇವತ್ತು ಮುಚ್ಚಿ ಅಂತ ಕೈ ಮುಗೀತೀನಿ!"

ಅಷ್ಟರಲ್ಲಿ ವಿಮಾನ ಧೊಪ್ಪನೆ ಕುಸಿಯಿತು. ಬಾಯಿ ತಾನಾಗಿ ಮುಚ್ಚಿತು. ಹೊಲಿಗೆಯಮ್ಮ ಕಣ್ಣೂ ಮುಚ್ಚಿ, ಕಿವಿಗೆ ಬೆರಳು ತುರುಕಿಕೊಂಡು ಕೂತಳು. ಕಾಗದದ ಚೀಲದೊಳಗೆ ಮುಖ ಇಟ್ಟ ಡಾಕ್ಟರು ಮತ್ತೆ ಎತ್ತಲಿಲ್ಲ. ವಿಮಾನ ಏರಿತು, ಬಿತ್ತು, ಸುತ್ತಿತು, ಅಂತೂ ನೆಲ ಮುಟ್ಟಿತು.

ಯುದ್ಧಕ್ಕೆ ಬಂದ ಮಹಾರಾಣಿಯಂತೆ ಇಳಿದಳು. "ಥೂ, ಇವರದ್ದೂ ನಮ್ಮದರಷ್ಟೇ ದರಿದ್ರ ನಿಲ್ದಾಣ" ಎಂದು ಗೊಣಗುತ್ತಾ ಹೊರಗೆ ನಿಂತಿದ್ದ ಬಾಡಿಗೆ ಕಾರಿನೊಳಗೆ ಕೂತಳು.

"ಮೀನು ಮಾರ್ಕೆಟ್ ಹಿಂದೆ, ಹಸಿರು ಗೇಟಿನ ಮನೆ. ಬೇಗ ನಡಿಯಪ್ಪ."

"ಮೀನು ಮಾರ್ಕೆಟ್ ಹಿಂದೆ ಇರೋದು ಸಮುದ್ರ ಅಮ್ಮ!"

"ಹುಟ್ಟಿದ ಊರೇ ಗೊತ್ತಿಲ್ವಾ ನಿಂಗೆ?"

ಡ್ರೈವರ್ ಹಿಂತಿರುಗಿ ನೋಡಿದ. "ನಂಗೆ ಗೊತ್ತು. ನಿಮಗೆ ಗೊತ್ತಿದ್ದ ಹಾಗಿಲ್ಲ. ಬೆಳಿಗ್ಗೆ ನಿಮ್ಮ ಮನೆಯಿಂದ ಕರ್ಕೊಂಡು ಬಂದೋನು ನಾನೇ ಅಲ್ವಾ? ಅಲ್ಲಿ ಗಾಳಿ ಜೋರಂತೆ. ಇಳಿಸೋಕಾಗದೆ ವಾಪಸ್ ತಂದಿದ್ದಾರೆ."

ಹೊಲಿಗೆಯಮ್ಮ ಅದೇ ಕಾರಿನಲ್ಲಿ ವಾಪಸ್ ಬಂದು, ಬೆಳಿಗ್ಗೆ ಜಡಿದ ಬೀಗ ತೆಗೆದಳು.

ಒಳಗೆ ಬಂದವಳು ನಿಂತುಕೊಂಡೇ ನಾದಿನಿಗೆ ಫೋನ್ ಮಾಡಿದಳು.

"ನಾನು ಕಣೇ. ನಿನ್ನ ಮನೆಗೆ ಹೊರಟಿದ್ದೆ. ಇಳಿಸಲಿಲ್ಲ."

ಆ ಕಡೆ ನಾದಿನಿ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. ಆಮೇಲೆ, "ಅವತ್ತು ನಮ್ಮ ವಿಮಾನ ನಿಮ್ಮ ಮನೆ ಮೇಲೇ ಸುತ್ತು ಹಾಕ್ತು ಅತ್ತಿಗೆ. ಕಿಟಕಿಯಿಂದ ಅಂಗಳ ಕಾಣಿಸ್ತು. ಅಣ್ಣನ್ನ ಎತ್ತುತ್ತಾ ಇದ್ರು."

ಇಷ್ಟು ದಿನ ಮಸೆದಿಟ್ಟ ಬೈಗುಳದಲ್ಲಿ ಒಂದೂ ಹೊರಗೆ ಬರಲಿಲ್ಲ. ಬಂದದ್ದು, "ಊಟ ಮಾಡಿದ್ಯಾ?"

ಫೋನ್ ಇಟ್ಟಳು. ಬೈಯೋಕೆ ಇದ್ದ ಒಬ್ಬಳೂ ಕೈತಪ್ಪಿ ಹೋದಳು. ಆದರೆ ಬೈಯದೆ ಬದುಕೋದು ಹೇಗೆ? ಗಂಡ ಕೂರುತ್ತಿದ್ದ ಕುರ್ಚಿಯ ಕಡೆ ತಿರುಗಿದಳು.

"ನಿಮಗೆ ಸಾಯೋಕೆ ಗಾಳಿ ಇಲ್ಲದ ದಿನ ಒಂದೂ ಸಿಗಲಿಲ್ವಾ?"