ಆಧಾರದ ಕಾಲಮ್ಮಿನಲ್ಲಿ ಬರೆದದ್ದು

ಶಿರಸಿಯ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕುರ್ಚಿ ಸವೆಸಿ ನಾನು ಕಲಿತದ್ದಿಷ್ಟೇ: ಜನ ಕೇಳುವುದೊಂದು, ಅವರಿಗೆ ಬೇಕಾದದ್ದು ಇನ್ನೊಂದು. ಒಬ್ಬರು ದಪ್ಪನೆಯ ನಿಘಂಟು ಕೇಳಿದರು. ಅವರಿಗೆ ಬೇಕಿದ್ದದ್ದು ಮಡಚಿಹೋದ ಜಾತಕದ ಮೇಲಿಡಲು ಭಾರ! ಅಂದಿನಿಂದ ಹುಡುಕುವ ಮೊದಲು "ಎಂತಕ್ಕೆ?" ಎಂದು ಕೇಳುವುದು ನನ್ನ ರೂಢಿ. ತೊಂಬತ್ತರ ದಶಕದಲ್ಲಿ ಒಮ್ಮೆ ಅದೂ ಸಾಲಲಿಲ್ಲ.

೧. ಅಣ್ಣ

ಮಂಚಿಕೇರಿ ಕಡೆಯವರೊಬ್ಬರು ಬಂದು, ಹೋದ ವರ್ಷದ ಪಂಚಾಂಗ ಕೇಳಿದರು.

"ಎಂತಕ್ಕೆ?"

"ಅಪ್ಪನ ಮೊದಲ ವರ್ಷದ ಶ್ರಾದ್ಧ. ಆನು ಏಕಾದಶಿ ಹೇಳ್ತೆ, ತಮ್ಮ ದಶಮಿ ಹೇಳ್ತ. ಹೀಂಗೇ ಆದ್ರೆ ಎರಡು ಮನೆ, ಎರಡು ಶ್ರಾದ್ಧ."

ಹಳೆ ಪಂಚಾಂಗವನ್ನು ನಮ್ಮ ಜವಾನ ಯುಗಾದಿ ಮುಗಿದದ್ದೇ ಬಚ್ಚಲ ಒಲೆಗೆ ಹಾಕಿದ್ದ. ಆದರೆ ದಿನಪತ್ರಿಕೆಯಲ್ಲಿ ತಿಥಿ ಇರುತ್ತದಲ್ಲ! ಹಳೆ ಪತ್ರಿಕೆಗಳ ಕಟ್ಟು ಬಿಚ್ಚಿ ಅವರ ಅಪ್ಪ ತೀರಿಕೊಂಡ ದಿನದ್ದನ್ನು ತೆಗೆದೆ. ತಿಥಿಯ ಮೂಲೆಯೇ ಇಲ್ಲ. ಅದರ ಹಿಂಬದಿಯ ಉಪ್ಪಿನಕಾಯಿ ವಿಧಾನವನ್ನು ಯಾರೋ ಪುಣ್ಯಾತ್ಮರು ಕತ್ತರಿಸಿಕೊಂಡಿದ್ದರು.

೨. ತಮ್ಮ

ಮರುದಿನ ಸಿದ್ದಾಪುರದಿಂದ ಅವರ ತಮ್ಮ ಬಂದರು. ಅದೇ ಪ್ರಶ್ನೆ.

"ನಿನ್ನೆ ನಿಮ್ಮಣ್ಣನೂ ಬಂದಿದ್ದರು."

"ಹೌದಾ? ಸಿಕ್ಕಿದ್ರೆ ಮೊದಲು ಯಂಗೆ ಹೇಳಿ."

ವಾರದ ಮೇಲೆ ಅದೇ ದಿನದ ಇನ್ನೊಂದು ಪತ್ರಿಕೆಯಲ್ಲಿ ಸಿಕ್ಕಿತು: ಬೆಳಿಗ್ಗೆ ಹತ್ತು ಐವತ್ತರವರೆಗೆ ದಶಮಿ, ಆಮೇಲೆ ಏಕಾದಶಿ. ಪ್ರಾಣ ಹೋದ ಹೊತ್ತಿನ ತಿಥಿಯೇ ಶ್ರಾದ್ಧಕ್ಕೆ ಲೆಕ್ಕ. ನಾನು ಗೆದ್ದೆನೆಂದು ಹಿಗ್ಗಿ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ, "ನಿಮ್ಮ ತಂದೆ ಹೋದದ್ದು ಎಷ್ಟು ಹೊತ್ತಿಗೆ?"

"ಆನು ಯಲ್ಲಾಪುರದಲ್ಲಿದ್ದೆ" ಎಂದರು ಅಣ್ಣ. "ಆನು ಶಾಲೆಯಲ್ಲಿದ್ದೆ" ಎಂದರು ಮೇಷ್ಟ್ರಾದ ತಮ್ಮ. ಸುದ್ದಿ ಅಣ್ಣನಿಗೆ ಮಧ್ಯಾಹ್ನ ಮುಟ್ಟಿತ್ತು, ತಮ್ಮನಿಗೆ ಅದಕ್ಕೂ ಮೊದಲು. ಇಬ್ಬರೂ ಅದರ ಮೇಲೇ ತಿಥಿ ಕಟ್ಟಿ ಒಂದು ತಿಂಗಳು ಮಾತು ಬಿಟ್ಟಿದ್ದರು.

೩. ಅಮ್ಮ

ಆ ಶನಿವಾರ ಅವರ ತಾಯಿ ಒಬ್ಬರೇ ಬಸ್ಸಿಳಿದು ಬಂದರು. ನಾನು ಬೆಂಚು ತೋರಿಸಿದರೂ ಕೂರಲಿಲ್ಲ.

"ಆ ದಿನ ಹತ್ತೂವರೆ ಬಸ್ಸು ಹಾರ್ನ್ ಹಾಕ್ತಾ ಹೋತು, ತಮಾ. ಇವರು ಚಾ ಕೇಳಿದ್ರು. ತಂದು ಕೊಡೋ ಅಷ್ಟರಲ್ಲಿ ಮುಗಿದಿತ್ತು. ಲೋಟ ಬಿಸಿ ಇತ್ತು."

ನಾನು ಕೇಳಿದೆ, "ಮಕ್ಕಳಿಗೆ ಹೇಳಲಿಲ್ಲವಾ?"

"ಯಾರೂ ಕೇಳಿದ್ವಿಲ್ಲೆ. ಆನು ಹೇಳಿದ್ರೆ ನಂಬ್ತ್ವಿಲ್ಲೆ, ಬರೆದದ್ದಾದ್ರೆ ನಂಬ್ತ. ನೀ ಬರೆದು ಸಿಕ್ಕಾ ಹೊಡೆದು ಕೊಡು. ಇಬ್ಬರೂ ಒಂದೇ ಪಂಕ್ತೀಲಿ ಉಣ್ಣವು, ಅಷ್ಟೇ ಯಂಗೆ ಬೇಕಾದ್ದು."

ಓದುಗರ ಪ್ರಶ್ನೆಗಳ ರಿಜಿಸ್ಟರಿನಲ್ಲಿ ಉತ್ತರ ಬರೆದೆ: ದಶಮಿ. ಆಧಾರ ಗ್ರಂಥದ ಕಾಲಮ್ಮಿನಲ್ಲಿ ಪತ್ರಿಕೆಯ ಹೆಸರಿನ ಕೆಳಗೆ "ತಾಯಿ" ಎಂದು ಬರೆದು ಮೊಹರು ಒತ್ತಿದೆ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿ ತೋರಿಸಿದೆ. ಅಣ್ಣ ಓದಿದರು, ತಮ್ಮ ಓದಿದರು.

ರಿಜಿಸ್ಟರು ಮುಚ್ಚಿ ಅಣ್ಣ ಮೆತ್ತಗೆ ಅಂದರು, "ಇಷ್ಟಕ್ಕೆ ನಿಮಗೆ ಎರಡು ವಾರ ಬೇಕಾಯ್ತಾ?"

"ಏನು ಮಾಡಲಿ ಮಾರಾಯರೇ, ನಮ್ಮ ಕಪಾಟಿನಲ್ಲಿ ಇರಲಿಲ್ಲ. ವರ್ಷದಿಂದ ನಿಮ್ಮ ಮನೆಯಲ್ಲೇ ಇತ್ತು."