ಗ್ಯಾನೆಟ್ ಕೋವಿನ ಅಧಿಕೃತ ಹಳದಿ

ನಮ್ಮ ಗ್ಯಾನೆಟ್ ಕೋವಿನಲ್ಲಿ ಮನೆಯ ನಿಜವಾದ ಬಣ್ಣವೆಂದರೆ ಪುರಭವನದ ಇಂಕ್‌ಜೆಟ್ ಪ್ರಿಂಟರ್ ಮುದ್ರಿಸಿಕೊಟ್ಟಿದ್ದು. ಗೋಡೆಯ ಮೇಲಿರುವುದು ತಾತ್ಕಾಲಿಕ. ನ್ಯೂಫೌಂಡ್‌ಲೆಂಡಿನ ಉಳಿದ ಮೀನುಗಾರರ ಊರುಗಳು ಇನ್ನೂ ಇಷ್ಟು ಮುಂದುವರಿದಿಲ್ಲ.

ಬಣ್ಣ ಸಂರಕ್ಷಣಾ ಸಮಿತಿಯ ಸದಸ್ಯನಾಗಿ ಮೊದಲ ಮುದ್ರಣದ ದಿನ ನಾನೂ ಅಲ್ಲಿದ್ದೆ. ನನ್ನ ನೆರೆಯವಳಾದ ಫಿಲೊಮೀನಾಳ ಮನೆಯ ಫೋಟೊ. ಮೊಟ್ಟೆಯೊಳಗಿನ ಹಳದಿಯಂಥ ಮನೆ. ಕಂಪ್ಯೂಟರ್ ಕೇಳಿತು: ಪರದೆಯ ಬೆಳಕಿನ ಬಣ್ಣವಾದ ಆರ್‌ಜಿಬಿಯೋ, ಶಾಯಿಯ ಬಣ್ಣವಾದ ಸಿಎಂವೈಕೆಯೋ?

"ಪ್ರಿಂಟರ್ ಹೊಟ್ಟೇಲಿರೋದು ಬೆಳಕಾ, ಶಾಯೀನಾ?" ಎಂದರು ಅಧ್ಯಕ್ಷ ಸಿರಿಲ್.

"ಶಾಯಿ!" ಎಂದೆವು ಎಲ್ಲರೂ.

ಶಾಯಿಯನ್ನೇ ಒತ್ತಿದರು. ಬೆಳಕನ್ನು ಶಾಯಿಗೆ ಬದಲಾಯಿಸುವ ಕೆಲಸವನ್ನು ಪ್ರಿಂಟರ್ ತಾನೇ ಮಾಡಿಕೊಳ್ಳುತ್ತದೆಂದು ನಮಗೇನು ಗೊತ್ತು? ಬೆಂದ ಮೀನನ್ನು ಮತ್ತೆ ಬೇಯಿಸಿದಂತಾಗಿ, ಹಳದಿ ಮನೆ ಕೆಸರಿನ ಬಣ್ಣದಲ್ಲಿ ಹೊರಬಂತು. ಕೂಡಲೇ ನೋಟಿಸ್ ಹೋಯಿತು: "ತಮ್ಮ ಮನೆಯು ತನ್ನ ಅಧಿಕೃತ ಚಿತ್ರವನ್ನು ಹೋಲದಿರುವುದು ಕಂಡುಬಂದಿದ್ದು, ಹೋಲುವಂತೆ ಮಾಡತಕ್ಕದ್ದು."

ಫಿಲೊಮೀನಾ ಓಡಿಬಂದಳು. "ಸಿರಿಲಣ್ಣ, ತಲೆಗಿಲೆ ಕೆಟ್ಟಿದ್ಯಾ? ಮಂಜು ಕವಿದಾಗ ನನ್ನ ಗಂಡ ಆ ಹಳದೀನ ನೋಡ್ಕೊಂಡೇ ದೋಣಿ ದಡಕ್ಕೆ ತರೋದು!"

"ನಿನ್ನ ಗಂಡ ಲಿಯಾಂಡರ್ ಈ ಚಿತ್ರ ನೋಡ್ಕೊಂಡು ಬರ್ಲಿ ಕಣಮ್ಮ. ಒಂದು ಪ್ರತಿ ಕೊಡ್ತೀವಿ."

ಅವಳು ಗೋಡೆಗೆ ಕೆಸರು ಬಣ್ಣ ಬಳಿದಳು. ಖಾತ್ರಿಗಾಗಿ ಹೊಸ ಫೋಟೊ ತೆಗೆದು ಮುದ್ರಿಸಿದರೆ ಇನ್ನೂ ಮಸುಕು! ಮತ್ತೆ ನೋಟಿಸ್, ಮತ್ತೆ ಬಣ್ಣ. ಕೊನೆಗೆ ಮೇಜು ಕುಟ್ಟಿದಳು: "ಆ ಇನ್ನೊಂದನ್ನ ಒತ್ತಿ ನೋಡ್ರೋ ಮಾರಾಯ್ರಾ!"

ಸಭೆ ಸೇರಿತು. ಬೆಳಕಿನವರು, ಶಾಯಿಯವರು ಎಂದು ಊರೇ ಎರಡಾಗಿ, ಚರ್ಚಿನ ಊಟದಲ್ಲೂ ಬೇರೆ ಬೇರೆ ಕೆಟಲಿನ ಚಹಾ ಕುಡಿಯತೊಡಗಿದರು. ಯಾರ ಮನಸ್ಸೂ ನೋಯಬಾರದೆಂದು ಸಮಿತಿ ಕಪ್ಪು-ಬಿಳುಪು ಮುದ್ರಣವನ್ನು ಆರಿಸಿತು. ಊರಿನ ಎಲ್ಲ ಮನೆಗಳೂ ಬೂದು ಬಣ್ಣ ಬಳಿದುಕೊಂಡವು. ಈಗ ಚಿತ್ರ ಮನೆಯಂತಿತ್ತು, ಮನೆ ಚಿತ್ರದಂತಿತ್ತು. ಸಿರಿಲ್ ಕಣ್ಣೊರೆಸಿಕೊಂಡರು.

ಆ ವಾರ ಮಂಜು ಕವಿಯಿತು. ನನ್ನ ಬಾಗಿಲು ತೆರೆದು ಲಿಯಾಂಡರ್ ಒಳಬಂದ, ಬೂಟು ಬಿಚ್ಚಿದ, ನನ್ನ ಮೀನಿನ ವಡೆ ತಿಂದ.

"ಫಿಲೊಮೀನಾ, ಮೀಸೆ ಯಾವಾಗಿಂದ?"

"ನಾನು ಆಂಬ್ರೋಸ್ ಕಣೋ!"

"ಹಂಗಾದ್ರೆ ನನ್ ಮನೇಲಿ ನಿಂಗೇನೋ ಕೆಲ್ಸ?"

ಜೇಬಿನಿಂದ ಅಧಿಕೃತ ಚಿತ್ರ ತೆಗೆದು, ಹೊರಗೆ ಹೋಗಿ ಗೋಡೆಗೆ ಹಿಡಿದು ತೋರಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚಿತ್ರದ ಕೆಳಗೆ ಸಮಿತಿಯ ಪರವಾಗಿ ನನ್ನದೇ ಸಹಿಯಿತ್ತು. ನಾನು ಇನ್ನೆರಡು ವಡೆ ಬಡಿಸಿದೆ.

ಮರುದಿನ ಸಂಜೆ ಫಿಲೊಮೀನಾ ಬಾಣಲೆ, ಸೌಟು ಹಿಡಿದು ಬಾಗಿಲಲ್ಲಿ ನಿಂತು ಬಡಿದಳು. "ಲಿಯಾಂಡರ್! ಈ ಕಡೆ ಬಾರೋ!" ಆ ದನಿ ಕೇಳಿ ನಾನು ಕಿಟಕಿ ತೆರೆದೆ. ಲಿಯಾಂಡರ್‌ಗೂ ಕೇಳಿಸಿತು, ನೆಟ್ಟಗೆ ಅವಳಲ್ಲಿಗೆ ಹೋದ. ದುರದೃಷ್ಟವಶಾತ್ ಸಿರಿಲ್‌ಗೂ ಕೇಳಿಸಿತು.

ಸುತ್ತೋಲೆ ಬಂತು: "ಒಂದೇ ಮನೆಯಿಂದ ಶಬ್ದ ಹೊರಡುವುದು ಏಕರೂಪತೆಗೆ ಭಂಗ. ಮಂಜಿರುವಾಗ ಸಕಲ ನಿವಾಸಿಗಳೂ ಏಕಕಾಲಕ್ಕೆ ಬಾಣಲೆ ಬಡಿಯತಕ್ಕದ್ದು."

ಬಡಿಯುತ್ತಿದ್ದೇವೆ, ಯಾವ ಸದ್ದು ಯಾರ ಮನೆಯದೋ ತಿಳಿಯದಂತೆ. ನಾನೀಗ ಇಬ್ಬರಿಗಾಗುವಷ್ಟು ವಡೆ ಕರಿಯುತ್ತೇನೆ. ಮೊನ್ನೆ ಫಿಲೊಮೀನಾಳ ಮನೆಗೆ ಸ್ವತಃ ಸಿರಿಲ್ ಬಂದು ಬೂಟು ಬಿಚ್ಚಿದರಂತೆ. ಅವಳು ಲಿಯಾಂಡರನ ತಟ್ಟೆಯಲ್ಲೇ ಬಡಿಸಿದಳು. ಅಧ್ಯಕ್ಷರು ಉಂಡು, ಗೋಡೆಗೆ ಚಿತ್ರ ಹಿಡಿದು ನೋಡಿ, ತಮ್ಮದೇ ಮನೆಯೆಂದು ಖಚಿತಪಡಿಸಿಕೊಂಡು ಮಲಗಿದರು.